ಬೀಗ ಹಾಕಿದ ಮೇಲೆ ಉಳಿಯುವವರು

ಕೂಡಗಿಯ ಚಿಮಣಿ ಎದ್ದು ನಿಂತ ಮೇಲೆ ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಜನ ಅದನ್ನು ನೋಡಿಯೇ ದಿಕ್ಕು ಹೇಳುತ್ತಾರೆ. ಒಂದು ಸಂಜೆ ಓಣಿಯ ಕಟ್ಟೆಯ ಮೇಲೆ ಕುಂತಾಗ ಹಿರಿಯರೊಬ್ಬರು ನಮ್ಮನ್ನು ಕೇಳಿದರು: "ಇದು ಎಷ್ಟ್ ವರ್ಸ ಉರೀತೈತೋ ತಮ್ಮಾ? ಆರಿದ ಮ್ಯಾಲ ಏನ್ ಮಾಡ್ತಾರ?" ನಾಲ್ಕಕ್ಷರ ಓದಿದ ನಾವು ಮುಖ ಮುಖ ನೋಡಿಕೊಂಡೆವು. ಕಾರ್ಖಾನೆ ಬರಬೇಕು, ಬರಬಾರದು ಎಂದು ಬಡಿದಾಡಿದ್ದುಂಟು. ಅದು ಹೋಗುವ ದಿನದ ಬಗ್ಗೆ ನಾವೂ ಯೋಚಿಸಿರಲಿಲ್ಲ.

ಹುಟ್ಟಿದ ದಿನಗಳು ಎಲ್ಲರಿಗೂ ಗೊತ್ತು. 800 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 2400. 2016ರ ಕೊನೆಗೆ ಮೊದಲನೆಯದು, 2018ಕ್ಕೆ ಮೂರನೆಯದು. ಅದಕ್ಕೂ ಮುಂಚೆ, 2014ರ ಜುಲೈ 5ರಂದು, ಪ್ರತಿಭಟನೆಗೆ ನಿಂತ ರೈತರ ಮೇಲೆ ಪೊಲೀಸರ ಗುಂಡು ಹಾರಿತ್ತು. ಕಲ್ಲಿದ್ದಲ ಸ್ಥಾವರಕ್ಕೆ ಸರ್ಕಾರಿ ಲೆಕ್ಕದಲ್ಲಿ 25 ವರ್ಷ ಆಯುಷ್ಯ. ಹೆಚ್ಚು ಓಡಿಸಬಹುದು, ಕಡಿಮೆಯೂ ಆಗಬಹುದು. ಲೆಕ್ಕ ಹಿಡಿದರೆ 2043ರ ಸುಮಾರು. ಈಗ ಅಂಗನವಾಡಿಗೆ ಹೋಗುವ ಕೂಸು ಆಗ ಮನೆ ನಡೆಸುವ ವಯಸ್ಸಿನಲ್ಲಿರುತ್ತದೆ.

ನೆಲ ಹೋದಾಗ ಪರಿಹಾರ ಸಿಗುವುದು ಉತಾರದಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲಿ ಕಳೆ ಕಿತ್ತವಳಿಗೆ, ಜೋಳ ಕೊಯ್ದವನಿಗೆ, ಬಾಂಧಿನ ಮೇಲೆ ಎಮ್ಮೆ ಮೇಯಿಸಿದವರಿಗೆ ಏನು? ಬ್ರಿಟಿಷರು 1894ರಲ್ಲಿ ಮಾಡಿದ ಭೂಸ್ವಾಧೀನ ಕಾನೂನು ಭೂಮಿಯಿಲ್ಲದ ಕೂಲಿಕಾರನನ್ನು ಕಣ್ಣೆತ್ತಿಯೂ ನೋಡಲಿಲ್ಲ. ಸ್ವತಂತ್ರ ದೇಶ ಅದನ್ನೇ ಬಹುಕಾಲ ಹೊತ್ತುಕೊಂಡು ನಡೆಯಿತು. ಹೊಲ ಹೋದದ್ದರಿಂದ ಕೂಲಿ ಕಳಕೊಂಡವನೂ ಸಂತ್ರಸ್ತನೇ ಎಂದು ಬರೆದ ಕಾನೂನು ಬಂದದ್ದು 2013ರಲ್ಲಿ. ಕೇರಿಯವರು ಬರುವಾಗಲೇ ಲೆಕ್ಕದಲ್ಲಿರಲಿಲ್ಲ. ಹೋಗುವಾಗ ಇರುತ್ತಾರೆಯೇ?

ಸ್ಥಾವರ ಮುಚ್ಚುವ ಖರ್ಚನ್ನು ಮೊದಲೇ ಎತ್ತಿಡುವ ಪದ್ಧತಿ ನಮ್ಮ ದೇಶದಲ್ಲಿ ಇರುವುದು ಅಣುವಿದ್ಯುತ್ತಿಗೆ. ಕೈಗಾದಲ್ಲಿ 2000ದಿಂದ ಕರೆಂಟು ಹುಟ್ಟುತ್ತಿದೆ. ಅಣು ಕರೆಂಟಿನ ಪ್ರತಿ ಯೂನಿಟ್ಟಿನಲ್ಲಿ 2 ಪೈಸೆ, ಮುಂದೆ ಸ್ಥಾವರವನ್ನು ಬಿಚ್ಚುವ ಖರ್ಚಿಗೆಂದು ನಿಧಿಗೆ ಹೋಗುತ್ತದೆ. ಒಳ್ಳೆಯ ಪದ್ಧತಿಯೇ. ಆದರೆ ಆ 2 ಪೈಸೆ ಯಂತ್ರದ್ದು, ಕಾಂಕ್ರೀಟಿನದು, ವಿಕಿರಣದ್ದು. ಗೇಟಿನ ಹೊರಗೆ ಚಹಾದಂಗಡಿ ಇಟ್ಟವನದಲ್ಲ, ಗುತ್ತಿಗೆದಾರನ ಕೈಕೆಳಗೆ ಕಸ ಹೊಡೆದವಳದಲ್ಲ. ಅಮೆರಿಕದ ಮ್ಯಾಸಚುಸೆಟ್ಸಿನಲ್ಲಿ ರೋ ಎಂಬ ಸಣ್ಣ ಊರಿದೆ. ಅಲ್ಲಿನ ಅಣುಸ್ಥಾವರ 1992ರಲ್ಲಿ ಮುಚ್ಚಿತು, 2007ಕ್ಕೆ ಬಿಚ್ಚಿ ಮುಗಿಸಿದರು. ಸ್ಥಾವರ ಹೋಯಿತು, ಕೆಲಸ ಹೋಯಿತು. ಉರಿದ ಇಂಧನವನ್ನು ಒಯ್ಯಲು ಜಾಗವಿಲ್ಲದೆ ಅಲ್ಲೇ ಸಿಮೆಂಟಿನ ಪೀಪಾಯಿಗಳಲ್ಲಿ ಇಟ್ಟರು. ಶ್ರೀಮಂತ ದೇಶದ ಕಥೆಯೇ ಹೀಗೆ.

ಬಡವರ ಊರಲ್ಲಿ ಮುಚ್ಚುವುದೆಂದರೆ ಏನೆಂದು ತಿಳಿಯಲು ಅಷ್ಟು ದೂರ ಹೋಗಬೇಕಿಲ್ಲ. ನಮ್ಮದೇ ರಾಜ್ಯದ ಇನ್ನೊಂದು ತುದಿಯಲ್ಲಿ ಕೋಲಾರ ಚಿನ್ನದ ಗಣಿ ಇದೆ. ಅದು ವಿದ್ಯುತ್ ಸ್ಥಾವರವಲ್ಲ, ನಿಜ. ಆದರೂ ಕರೆಂಟಿನ ಕಥೆಯೂ ಅಲ್ಲಿದೆ, ಅಣುವಿನ ಕಥೆಯೂ ಅಲ್ಲಿದೆ, ನಮ್ಮ ಜನರ ಕಥೆಯಂತೂ ಇದ್ದೇ ಇದೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಕಾಲಿಟ್ಟಿತು. ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದು 1902ರಲ್ಲಿ ಮೊದಲು ಕೊಟ್ಟದ್ದು ಬೆಂಗಳೂರಿಗಲ್ಲ, ಈ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಮೈಸೂರಿನ ಆಧುನಿಕತೆಯನ್ನು ಹೊಗಳುವವರು ಈ ಸಾಲನ್ನು ಹೆಮ್ಮೆಯಿಂದ ಹೇಳುತ್ತಾರೆ. ಆ ಕರೆಂಟು ಓಡಿಸಿದ ಯಂತ್ರಗಳ ಕೆಳಗೆ ಇಳಿದವರು ಯಾರು ಎಂಬುದು ಅವರ ಬಾಯಲ್ಲಿ ಬರುವುದಿಲ್ಲ. ಇಳಿದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಸೀಮೆಯಿಂದ ಬಂದ ಅಸ್ಪೃಶ್ಯರು. ಊರಲ್ಲಿ ಗೌಡನ ಜೀತ, ಇಲ್ಲಿ ದೊರೆಯ ಕೂಲಿ. ದೊರೆಗಳಿಗೆ ಬಂಗಲೆ, ಕ್ಲಬ್ಬು, ಹೂದೋಟ. ಕೂಲಿಗೆ ತಟ್ಟಿ ಮನೆ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಅಷ್ಟು ಕೆಳಗೆ ಬಂಡೆಯೇ ಸಿಡಿಯುತ್ತದೆ, ಗಾಳಿ ಸುಡುತ್ತದೆ. ಸಿಡಿತಕ್ಕೆ ಸಿಗದವನ ಎದೆಯನ್ನು ಕಲ್ಲಿನ ಧೂಳು ತಿಂದಿತು.

ಆದರೂ ಆ ಜನ ಬಾಯಿ ಮುಚ್ಚಿಕೊಂಡು ಇದ್ದವರಲ್ಲ. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ಹಚ್ಚಬೇಕೆಂದಾಗ, ನಾವೇನು ಕಳ್ಳರೇ ಎಂದು ಸುಮಾರು 18 ಸಾವಿರ ಮಂದಿ ಕೆಲಸ ನಿಲ್ಲಿಸಿದರು. 1946ರ ನವೆಂಬರಿನಲ್ಲಿ ಗುಂಡಿಗೆ ಎದೆ ಕೊಟ್ಟರು. ಬಾಬಾಸಾಹೇಬರ ಮಾತು ಅಲ್ಲಿನ ಲೈನುಗಳಲ್ಲಿ ಬೇರು ಬಿಟ್ಟಿತು. ರಿಪಬ್ಲಿಕನ್ ಪಕ್ಷದವರು ಅಲ್ಲಿಂದ ಶಾಸಕರಾಗಿ ಗೆದ್ದರು. ದುಡಿಮೆಯ ಜಾಗದಲ್ಲಿ ಒಟ್ಟಿಗಿದ್ದದ್ದರಿಂದ ಹುಟ್ಟಿದ ಬಲ ಅದು. ಊರೂರಿನ ಕೇರಿಗಳಲ್ಲಿ ಚದುರಿ ಕೂತ ನಮಗೆ ಆ ಬಲದ ಬೆಲೆ ಗೊತ್ತು.

1956ರಲ್ಲಿ ಗಣಿ ಮೈಸೂರು ಸರ್ಕಾರದ್ದಾಯಿತು, 1962ರಲ್ಲಿ ಕೇಂದ್ರದ್ದು. ಅಷ್ಟೊತ್ತಿಗೆ ಅದಿರು ಬಡವಾಗಿತ್ತು. ಒಂದು ಕಾಲಕ್ಕೆ ಟನ್ನಿಗೆ 40 ಗ್ರಾಮಿಗೂ ಹೆಚ್ಚು ಚಿನ್ನ ಸಿಕ್ಕಿದ ಕಡೆ ಕೊನೆಗೆ 3 ಗ್ರಾಮಿನ ಆಸುಪಾಸಿಗೆ ಇಳಿಯಿತು. 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಆವರೆಗೆ ಸುಮಾರು 800 ಟನ್ ಚಿನ್ನ ಮೇಲೆ ಬಂದಿತ್ತು. ಯಾವ ಲೈನಿನ ಯಾವ ಹೆಣ್ಣುಮಗಳ ಕೊರಳಿಗೆ ಅದರಲ್ಲಿ ಎಷ್ಟು ಬಂತು ಎಂದು ಕೇಳುವುದೇ ಬೇಡ.

ಬೀಗ ಹಾಕಿದ ಮೇಲಿನ ಚರಿತ್ರೆಯನ್ನು ಬರೆದವರು ಕಡಿಮೆ. ಪಂಪು ನಿಂತವು, ಸುರಂಗಗಳಿಗೆ ನೀರು ತುಂಬಿತು. ಕಂಪನಿಯ ಆಸ್ಪತ್ರೆ ಮುಚ್ಚಿತು. ಕೆಲಸ ಹೋದವರು ಬಾಕಿ ಹಣಕ್ಕೆ, ಇದ್ದ ಗೂಡಿನ ಹಕ್ಕುಪತ್ರಕ್ಕೆ ವರ್ಷಗಟ್ಟಲೆ ಅಲೆದರು. ಮಕ್ಕಳು ಬೆಳಕು ಹರಿಯುವ ಮುಂಚೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ತಿರುಗಿ ಬರುವವರಾದರು. ಚಿನ್ನ ತೊಳೆದು ಉಳಿದ ಸೈನೈಡ್ ಮಣ್ಣು, 3 ಕೋಟಿ ಟನ್ನಿಗೂ ಹೆಚ್ಚು, ಗುಡ್ಡ ಗುಡ್ಡವಾಗಿ ಊರಿನ ನಡುವೆಯೇ ಉಳಿಯಿತು. ಗಾಳಿ ಎದ್ದರೆ ಅದು ಅನ್ನದ ತಾಟಿಗೆ ಬರುತ್ತದೆ. ಇನ್ನೊಂದು ಮಾತು ಹೇಳಲು ನಾಲಿಗೆ ತೊದಲುತ್ತದೆ. ಅಲ್ಲಿನ ಕಕ್ಕಸುಗಳನ್ನು ಕೈಯಿಂದ ಬಳಿಯುವ ಕೆಲಸ ನಿಂತಿರಲಿಲ್ಲ. 2011ರಲ್ಲಿ ಮಲದ ಗುಂಡಿಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಚಿನ್ನದ ಗುಂಡಿ ಮುಚ್ಚಿದ ಊರಲ್ಲಿ ನಮ್ಮವರಿಗೆ ತೆರೆದಿದ್ದ ಗುಂಡಿ ಅದು.

ಇಷ್ಟಕ್ಕೇ ಮುಗಿಯಲಿಲ್ಲ. 2012ರ ನವೆಂಬರಿನಲ್ಲಿ ಕೂಡಂಕುಳಂ ಅಣುಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ನಡೆದಾಗ, ಉರಿದ ಇಂಧನ ಎಲ್ಲಿ ಹೂಳುತ್ತೀರಿ ಎಂಬ ಮಾತು ಎದ್ದಿತು. ಆಗ ಕೇಳಿಬಂದ ಹೆಸರು ಕೋಲಾರದ ಗಣಿ. ಕೆಜಿಎಫ್ ಜನ ಬೀದಿಗಿಳಿದರು. ಗದ್ದಲ ಜೋರಾದ ಮೇಲೆ ದಿಲ್ಲಿಯವರು, ಹಾಗೇನಿಲ್ಲ, ಅಲ್ಲಿ ಹಿಂದೆ ನಡೆದದ್ದು ಬರೀ ಸಂಶೋಧನೆ ಎಂದರು. ಸಂಶೋಧನೆ ನಡೆದದ್ದು ನಿಜವೇ. ಭಾಭಾ ಅಣು ಸಂಶೋಧನಾ ಕೇಂದ್ರದವರು ಸುಮಾರು ಸಾವಿರ ಮೀಟರ್ ಆಳದ ಖಾಲಿ ಕೋಣೆಯಲ್ಲಿ ಹೀಟರುಗಳನ್ನಿಟ್ಟು, ಅಣುತ್ಯಾಜ್ಯದ ಕಾವನ್ನು ಬಂಡೆ ಹೇಗೆ ತಾಳಬಹುದೆಂದು ವರ್ಷಗಟ್ಟಲೆ ಅಳೆದಿದ್ದರು. ತ್ಯಾಜ್ಯ ಅಲ್ಲಿಗೆ ಬರಲಿಲ್ಲ. ಹಾಗಾಗಿ ಬಂಡೆ ಎಷ್ಟು ಕಾವು ತಾಳುತ್ತದೆಂಬುದರ ಲೆಕ್ಕ ಸರ್ಕಾರದ ಹತ್ತಿರ ಇದೆ. ಮೇಲಿನ ಲೈನಿನಲ್ಲಿರುವ ಮನುಷ್ಯ ಎಷ್ಟು ತಾಳುತ್ತಾನೆ ಎಂದು ಅಳೆದ ಹೀಟರು ಯಾವುದೂ ಇಲ್ಲ.

ಇದೆಲ್ಲ ನಮಗ್ಯಾಕ ಅಂತ ಇಂಡಿ, ಸಿಂದಗಿಯ ಗೆಳೆಯರು ಕೇಳಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕೇರಿಗಳಿಗೆ ಗುಳೆ ಹೊಸದಲ್ಲ. ಬರ ಬಿದ್ದರೆ ಮನೆಗೆ ಅಗಳಿ ಹಾಕಿ, ಮುದುಕರನ್ನು ಬಿಟ್ಟು, ಪುಣೆ, ಮುಂಬಯಿ, ಗೋವಾಕ್ಕೆ ಹೊರಡುತ್ತೇವೆ. ಕೂಡಗಿ ಕಟ್ಟುವಾಗ ಗುಳೆ ತಪ್ಪೀತು ಎಂದು ಆಸೆಪಟ್ಟವರು ನಮ್ಮಲ್ಲೇ ಇದ್ದರು. ಆಸೆಪಟ್ಟದ್ದು ತಪ್ಪಲ್ಲ. ಕಾಯಕದ ಮಾತು ಹೇಳಿದ ಬಸವಣ್ಣನ ನೆಲದಲ್ಲಿ ಕೆಲಸ ಕೇಳುವುದು ತಪ್ಪೆನ್ನಲು ನಾವ್ಯಾರು? 1964ರಲ್ಲಿ ಆಲಮಟ್ಟಿಗೆ ಅಡಿಗಲ್ಲು ಬಿದ್ದಾಗಲೂ ನಮ್ಮ ಅಜ್ಜಂದಿರು ಆಸೆಪಟ್ಟಿದ್ದರು. ಅದೇ ಕೃಷ್ಣೆಯ ನೀರು ಈಗ ಚಿಮಣಿಗೂ ಹೋಗುತ್ತದೆ.

ಬೂದಿಯ ಹೊಂಡ ಎಷ್ಟು ಎಕರೆ, ಮುಚ್ಚುವ ದಿನ ಅದು ಯಾರ ಹೆಸರಿನಲ್ಲಿರುತ್ತದೆ, ನೆಲ ತಿರುಗಿ ಬಂದರೆ ಯಾರಿಗೆ ಬರುತ್ತದೆ, ಇವನ್ನೆಲ್ಲ ಗ್ರಾಮಸಭೆಯಲ್ಲಿ ಈಗಲೇ ಕೇಳಬೇಕು. ಅದಕ್ಕಿಂತ ಮೊದಲಿನದು ಗುತ್ತಿಗೆ ಕೂಲಿಯ ಲೆಕ್ಕ. ಗುತ್ತಿಗೆದಾರ ಬದಲಾದಂತೆ ಹಾಜರಿ ಪುಸ್ತಕವೂ ಬದಲಾಗುತ್ತದೆ. ಹತ್ತು ವರ್ಷ ದುಡಿದವನ ಹತ್ತಿರ ಹತ್ತು ದಿನದ ಪುರಾವೆ ಇರುವುದಿಲ್ಲ.

ಕಟ್ಟೆಯ ಮೇಲೆ ಇದನ್ನೆಲ್ಲ ಹೇಳಿ ಮುಗಿಸಿದಾಗ ಆ ಹಿರಿಯರು ಸುಮ್ಮನೆ ಕುಂತಿದ್ದರು. ಆಮೇಲೆ, "ಹಂಗಾರ ಒಂದು ವಹಿ ತರ್ರಿ. ನಮ್ಮ ಓಣಿಯಾಗ ಯಾರ್ಯಾರು ಒಳಗ ದುಡದಾರ, ಎಂದಿಂದ, ಯಾರ ಕೈಯಾಗ, ಬರಕೋತ ಹೋಗ್ರಿ" ಅಂದರು. ಮರುದಿನ ಶಾಲೆಯ ಹುಡುಗಿಯೊಬ್ಬಳ ಇನ್ನೂರು ಹಾಳೆಯ ನೋಟುಬುಕ್ಕಿನಲ್ಲಿ ಬರೆಯಲು ಕುಂತೆವು. ಮೊದಲ ಸಂಜೆಗೇ ಹನ್ನೊಂದು ಹೆಸರಾದವು, ಅದರಲ್ಲಿ ನಾಲ್ಕು ಹೆಣ್ಣುಮಕ್ಕಳವು.