ಮೈ ನಡುಗಿದ ಮರುದಿನ

ಮೈಮೇಲೆ ಬರುವುದೆಂದರೆ ನಮ್ಮ ಕಡೆಯ ಹೆಂಗಸರಿಗೆ ಹೊಸ ಮಾತೇನಲ್ಲ. ಜಾತ್ರೆಯಲ್ಲಿ, ಒಮ್ಮೊಮ್ಮೆ ನಡುಮನೆಯಲ್ಲೇ, ತಲೆಗೂದಲು ಕೆದರಿಕೊಂಡು ತೂಗುವವರನ್ನು ನಾವೆಲ್ಲ ಕಂಡವರೇ. ಕೆಲವರು ಕೈಮುಗಿಯುತ್ತಾರೆ, ಕೆಲವರು ಬೇವಿನ ಸೊಪ್ಪು ಹುಡುಕುತ್ತಾರೆ, ನಾಲ್ಕು ಅಕ್ಷರ ಕಲಿತವರು 'ನರದೌರ್ಬಲ್ಯ' ಎಂದು ಮಾತು ಮುಗಿಸುತ್ತಾರೆ. ಆದರೆ ಕ್ರೈಸ್ತರ ಪ್ರಾರ್ಥನಾ ಕೂಟಗಳಲ್ಲೂ ಇಂಥದೇ ನಡುಕ, ಅಳು, ನಗು, ಯಾರಿಗೂ ಅರ್ಥವಾಗದ ಮಾತು ಉಂಟೆಂದರೆ ನಮ್ಮಲ್ಲಿ ಹಲವರು ಹುಬ್ಬೇರಿಸುತ್ತಾರೆ. ಚರ್ಚೆಂದರೆ ಸಾಲಾಗಿ ಹಾಕಿದ ಬೆಂಚು, ಮೆಲುದನಿಯ ಹಾಡು ಎಂದಷ್ಟೇ ನಮ್ಮ ಕಲ್ಪನೆ.

ಪವಿತ್ರಾತ್ಮದ ವರಗಳನ್ನು ಮುಖ್ಯವೆಂದು ನಂಬುವ ಪೆಂತೆಕೋಸ್ತ್ ಮತ್ತು ಕ್ಯಾರಿಸ್ಮ್ಯಾಟಿಕ್ ಪಂಗಡಗಳಲ್ಲಿ ಇದು ಪ್ರಪಂಚದಾದ್ಯಂತ ಇದೆ. ಹೀಗೆ ಮೈ ನಡುಗಿದಾಗ ಅದು ದೇವರದೋ, ಮನಸ್ಸಿನದೋ, ಬರಿಯ ನಟನೆಯೋ ಎಂದು ಹೇಗೆ ತಿಳಿಯುವುದು? ಈ ಪ್ರಶ್ನೆಯೂ ಆ ಧರ್ಮದಷ್ಟೇ ಹಳೆಯದು. ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಸಂತ ಪೌಲನೇ ಎಲ್ಲರೂ ಒಟ್ಟಿಗೆ ಅನ್ಯಭಾಷೆಯಲ್ಲಿ ಕೂಗಾಡಬೇಡಿ, ಕ್ರಮವಿರಲಿ ಎಂದು ಬುದ್ಧಿ ಹೇಳಿದ್ದಾನೆ. ಪ್ರೀತಿಯಿಲ್ಲದಿದ್ದರೆ ಆ ಭಾಷೆಗಳೆಲ್ಲ ಬರಿಯ ಸದ್ದು ಎಂದೂ ಅದೇ ಪತ್ರದಲ್ಲಿದೆ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಪಂಡಿತಾ ರಮಾಬಾಯಿಯಿಂದ. ಸಮಾಜ ವಿಜ್ಞಾನದ ಪಾಠದಲ್ಲಿ ಆಕೆ ಶಾರದಾ ಸದನ, ವಿಧವೆಯರ ಶಿಕ್ಷಣ ಎಂದು ಎರಡು ಅಂಕದ ಪ್ರಶ್ನೆಯಾಗಿ ಬಂದು ಹೋಗುತ್ತಾರೆ. ಆಕೆ ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಊರವರ ವಿರೋಧ ಕಟ್ಟಿಕೊಂಡವರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡರು. ಅಣ್ಣನೊಂದಿಗೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಸೇರಿದ ಆ ಇಪ್ಪತ್ತರ ಹುಡುಗಿಗೆ ಅಲ್ಲಿನ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಹೋದ. ಕಂಕುಳಲ್ಲಿ ಹೆಣ್ಣುಕೂಸು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತಳಾದ ಆಕೆ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. 1896-97ರ ಬರಗಾಲದಲ್ಲಿ ಮಧ್ಯಪ್ರಾಂತದಿಂದ ಮುನ್ನೂರರಷ್ಟು ಅನಾಥ ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ನೆಲೆಗೊಳಿಸಿದರು. ಅದೇ ಮುಕ್ತಿ ಸದನ.

ಹಸಿವಿನಲ್ಲಿ ತಾಯಿತಂದೆಯರನ್ನು ಕಳೆದುಕೊಂಡವರು, ದಾರಿಯಲ್ಲಿ ಮಾನ ಕಳೆದುಕೊಂಡವರು, ಬಾಲವಿಧವೆಯರು, ಕುರುಡಿಯರು ಎಲ್ಲ ಅಲ್ಲಿದ್ದರು. ಅಂಥ ಮನೆಯಲ್ಲಿ 1905ರಲ್ಲಿ ಒಂದು ಘಟನೆ ನಡೆಯಿತು.

ಹಿಂದಿನ ವರ್ಷ ವೇಲ್ಸ್ ದೇಶದಲ್ಲಿ ಇವಾನ್ ರಾಬರ್ಟ್ಸ್ ಎಂಬ ಮಾಜಿ ಗಣಿ ಕಾರ್ಮಿಕನಿಂದ ದೊಡ್ಡ ಉಜ್ಜೀವನ ಹಬ್ಬಿದ ಸುದ್ದಿ ಬಂದಿತ್ತು. ರಮಾಬಾಯಿ ಜನವರಿಯಲ್ಲಿ ನಿತ್ಯ ಪ್ರಾರ್ಥನೆಗೆ ಮನಸ್ಸಿದ್ದವರನ್ನು ಕರೆದಾಗ ಎಪ್ಪತ್ತು ಮಂದಿ ಬಂದರು. ಆರು ತಿಂಗಳಲ್ಲಿ ಆ ಸಂಖ್ಯೆ ಐನೂರು ದಾಟಿತು. ಜೂನ್ ಕೊನೆಯ ಒಂದು ನಸುಕಿನಲ್ಲಿ ಒಬ್ಬ ಹುಡುಗಿ ಮೈಯೆಲ್ಲ ಬೆಂಕಿ ಹತ್ತಿದಂತೆ ಎದ್ದು ಕೂತಳು. ಪಕ್ಕದಲ್ಲಿ ಮಲಗಿದ್ದವಳು ನಿಜವಾಗಿ ಉರಿಯುತ್ತಿದ್ದಾಳೆಂದೇ ನಂಬಿ ನೀರಿಗೆ ಓಡಿದಳಂತೆ. ತಂದು ಸುರಿಯಬೇಕೆನ್ನುವಷ್ಟರಲ್ಲಿ ಬೆಂಕಿಯಿಲ್ಲವೆಂದು ತಿಳಿಯಿತು. ಮರುದಿನಗಳಲ್ಲಿ ರಮಾಬಾಯಿ ಬೈಬಲ್ ಪಾಠ ಹೇಳುತ್ತಿದ್ದಾಗ ಹುಡುಗಿಯರೆಲ್ಲ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸತೊಡಗಿ, ಆಕೆ ಪಾಠವನ್ನೇ ನಿಲ್ಲಿಸಬೇಕಾಯಿತು. ಅಳುವವರು, ನಡುಗುವವರು, ನೆಲಕ್ಕೆ ಬೀಳುವವರು, ಚಪ್ಪಾಳೆ ತಟ್ಟಿ ಕುಣಿಯುವವರು. ಮುಂದಿನ ವರ್ಷ ಅನ್ಯಭಾಷೆಯ ಮಾತೂ ಕೇಳಿಬಂತು.

ಟೀಕೆಯೂ ಬಂತು. ಇದು ಉನ್ಮಾದ, ಹೆಂಗಸರ ಹಿಸ್ಟೀರಿಯಾ ಎಂದವರಲ್ಲಿ ಬಿಳಿಯ ಮಿಷನರಿಗಳೂ ಇದ್ದರು. ರಮಾಬಾಯಿ ಸಂಸ್ಕೃತದ ವಾದವಿವಾದಗಳಲ್ಲಿ ಬೆಳೆದವರು, ಬೈಬಲ್ಲನ್ನು ಮರಾಠಿಗೆ ಅನುವಾದಿಸಲು ಹೀಬ್ರೂ, ಗ್ರೀಕ್ ಕಲಿತವರು. ಸುಲಭಕ್ಕೆ ಮರುಳಾಗುವ ಜೀವವಲ್ಲ. ಆಕೆ ತಮ್ಮ ಪತ್ರಿಕೆಯಲ್ಲಿ ಕೊಟ್ಟ ಉತ್ತರದ ಸಾರ ಇಷ್ಟು: ಭಾರತೀಯರಿಗೆ ಭಕ್ತಿ ಭಾರತೀಯರ ಸ್ವಭಾವದಂತೆ ಬರಲಿ, ಪಾಶ್ಚಾತ್ಯರ ರೀತಿನೀತಿಗೆ ಅದು ಒಪ್ಪಲೇಬೇಕೆಂದಿಲ್ಲ. ಹಾಗೆಂದು ಕಂಡದ್ದೆಲ್ಲ ದೈವವೆಂದೂ ಆಕೆ ಹೇಳಲಿಲ್ಲ. ಆಕೆ ಕೇಳಿದ್ದು ಫಲವನ್ನು. ಈ ಹುಡುಗಿಯರು ನಡುಗಿದ ಮೇಲೆ ಏನಾದರು?

ಇದೇ ಪ್ರಶ್ನೆಯನ್ನು ಅದಕ್ಕೂ ನೂರಾ ಅರುವತ್ತು ವರ್ಷ ಮೊದಲು ಅಮೆರಿಕದಲ್ಲಿ ಜೊನಾಥನ್ ಎಡ್ವರ್ಡ್ಸ್ ಎಂಬ ಪಾದ್ರಿ ಕೇಳಿದ್ದ. ಅಲ್ಲೂ ಆಗ ಜನ ಚರ್ಚಿನಲ್ಲಿ ಚೀರಿ ಬೀಳುತ್ತಿದ್ದರು. 1741ರಲ್ಲಿ ಯೇಲ್ ಕಾಲೇಜಿನಲ್ಲಿ ಮಾಡಿದ ಉಪದೇಶದಲ್ಲಿ ಆತ ಹೇಳಿದ್ದು ನನಗೆ ಬಹಳ ಹಿಡಿಸಿತು. ಮೈ ನಡುಗಿತೆಂದು ದೇವರೆನ್ನಬೇಡಿ, ನಡುಗಿತೆಂದು ಸುಳ್ಳೆಂದೂ ಅನ್ನಬೇಡಿ. ನಡುಕ ಯಾವುದಕ್ಕೂ ಸಾಕ್ಷಿಯಲ್ಲ. ಕ್ರಿಸ್ತನ ಮೇಲೆ ಗೌರವ ಹೆಚ್ಚಿತೇ, ಪಾಪದ ಹಂಬಲ ತಗ್ಗಿತೇ, ಶಾಸ್ತ್ರದಲ್ಲಿ ಆದರ ಹುಟ್ಟಿತೇ, ಸತ್ಯದ ಕಡೆ ನಡೆದರೇ, ದೇವರನ್ನೂ ಮನುಷ್ಯರನ್ನೂ ಪ್ರೀತಿಸಿದರೇ, ಈ ಐದನ್ನು ನೋಡಿ ಎಂದ. ಬೋಸ್ಟನ್ನಿನ ಚಾರ್ಲ್ಸ್ ಚಾನ್ಸಿ ಎಂಬ ಪಾದ್ರಿ ಮಾತ್ರ ಇದೆಲ್ಲ ಬುದ್ಧಿ ಕೆಟ್ಟವರ ಕೋಲಾಹಲವೆಂದು 1743ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ. ಆತನ ಭಯಕ್ಕೂ ಕಾರಣವಿತ್ತು. ಅದೇ ವರ್ಷ ಜೇಮ್ಸ್ ಡ್ಯಾವನ್‌ಪೋರ್ಟ್ ಎಂಬ ಉಪದೇಶಕ ಆವೇಶದಲ್ಲಿ ಬೀದಿಯಲ್ಲಿ ಧರ್ಮಗ್ರಂಥಗಳನ್ನೇ ಸುಡಿಸಿದ. ಆಮೇಲೆ ತಾನೇ ಕ್ಷಮೆ ಕೇಳಿದ.

ಇನ್ನೊಂದು ಸಂಗತಿಯನ್ನು ನನ್ನ ಅಕ್ಕತಂಗಿಯರಿಗೆ ಹೇಳಲೇಬೇಕು. 1742ರ ಜನವರಿಯಲ್ಲಿ ಎಡ್ವರ್ಡ್ಸ್ ಪರಸ್ಥಳಕ್ಕೆ ಹೋಗಿದ್ದಾಗ ಆತನ ಹೆಂಡತಿ ಸಾರಾಗೇ ಈ ಅನುಭವವಾಯಿತು. ಏಳು ಮಕ್ಕಳ ತಾಯಿ. ಗಂಡನ ಬದಲು ಉಪದೇಶಕ್ಕೆ ಬಂದ ತರುಣನಿಗೆ ಹೆಚ್ಚು ಹೆಸರು ಬಂದರೆ ತನಗೆ ಹೊಟ್ಟೆಯುರಿಯಾದೀತೇ ಎಂದು ಒಳಗೊಳಗೇ ಹೆಣಗುತ್ತಿದ್ದವಳು. ದಿನಗಟ್ಟಲೆ ಆಕೆಯ ಮೈ ಸೋತು ಕುಸಿಯುತ್ತಿತ್ತು. ಆನಂದದಿಂದ ಎದ್ದು ಜಿಗಿದದ್ದೂ ಉಂಟು. ಗಂಡ ಅದನ್ನೆಲ್ಲ ಬರೆಯಿಸಿಕೊಂಡ. ಮುಂದಿನ ವರ್ಷ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದಾಗ ಹೆಸರಿಲ್ಲ, ಅದು ಹೆಂಗಸೆಂಬ ಸುಳಿವೂ ಇಲ್ಲ. 'ಒಬ್ಬ ವ್ಯಕ್ತಿ' ಅಷ್ಟೆ. ಹೆಂಗಸೆಂದು ತಿಳಿದರೆ ಓದುಗರು ಹಿಸ್ಟೀರಿಯಾ ಎಂದು ಪುಟ ಮಡಚಿಬಿಡುತ್ತಿದ್ದರೆಂದು ಆತನಿಗೆ ಅನ್ನಿಸಿರಬೇಕು. ನಮ್ಮ ಮೈ ನಡುಗಿದರೂ ಸಾಕ್ಷಿ ಹೇಳಲು ಗಂಡಸಿನ ಮರೆ ಬೇಕಾಗಿತ್ತು! ಈ ಅಳತೆಗೋಲು ಕೊಟ್ಟ ಎಡ್ವರ್ಡ್ಸ್‌ನ ಮನೆಯಲ್ಲೇ ಹಣ ಕೊಟ್ಟು ತಂದ ಗುಲಾಮರಿದ್ದರು ಎನ್ನುವುದನ್ನೂ ಮರೆಯಬಾರದು. ಮನುಷ್ಯಪ್ರೀತಿಯ ಕೋಲಿನಿಂದ ಅಳೆದರೆ ಅಳೆಯುವವನೂ ಮೋಟಾಗಿ ಕಾಣುತ್ತಾನೆ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಊರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸಂಜೆಯ ಭಜನೆಯ ವೇಳೆ ನಡುಗಿ ಬೀಳುತ್ತಿದ್ದಳು. ವಾರದೊಳಗೆ ಇನ್ನೂ ಮೂವರು ಬಿದ್ದರು. ಒಬ್ಬರು ದೇವಿ ಎಂದರು, ಒಬ್ಬರು ಗಾಳಿ ಎಂದರು, ಮೇಲಿನವರು ನಾಟಕ, ಮನೆಗೆ ಕಳಿಸಿ ಎಂದರು. ಅಡುಗೆಯ ಗೌರಮ್ಮ ಮಾತ್ರ, "ಮಲಗ್ಲಿ ಬಿಡಿ ಟೀಚರ್. ಬೆಳಿಗ್ಗೆ ಗಂಜಿ ಕುಡಿದ ಮೇಲೆ ನೀವೊಬ್ಬರೇ ಮಾತಾಡ್ಸಿ" ಅಂದಳು. ಬೆಳಿಗ್ಗೆ ಕೇಳಿದಾಗ, ಬರುವ ರಜೆಯಲ್ಲಿ ಸೋದರಮಾವನಿಗೆ ಕೊಟ್ಟು ಮದುವೆ ಮಾಡುತ್ತಾರೆಂಬ ಸುದ್ದಿ ಹೊರಬಿತ್ತು. ಅವಳು ನಟಿಸುತ್ತಿರಲಿಲ್ಲ, ದೇವಿಯೂ ಆಗಿರಲಿಲ್ಲ. ಬಾಯಿಗೆ ಬಾರದ ಮಾತನ್ನು ಮೈ ಆಡುತ್ತಿತ್ತು. ಅವಳ ದೊಡ್ಡಮ್ಮನನ್ನು ಕರೆಸಿ ಮಾತಾಡಿದೆವು. ಮದುವೆ ಮುಂದೆ ಹೋಯಿತು, ನಡುಕ ನಿಂತಿತು, ಹುಡುಗಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂತಳು.

ಹಾಗಾದರೆ ಮುಕ್ತಿಯ ಹುಡುಗಿಯರದೂ ಬರಿಯ ದುಃಖವೇ ಎಂದು ನೀವು ಕೇಳಬಹುದು. ದುಃಖ ಇದ್ದೇ ಇತ್ತು; ಅಷ್ಟು ಕಂಡ ಮಕ್ಕಳು ಅಳದಿದ್ದರೇ ಆಶ್ಚರ್ಯ. ಆದರೆ ದುಃಖವಿದ್ದಲ್ಲಿ ದೇವರಿರಬಾರದೆಂದು ಯಾವ ಶಾಸ್ತ್ರದಲ್ಲಿದೆ? ಆ ತೀರ್ಪು ನನ್ನ ಕೈಯದಲ್ಲ. ಇತಿಹಾಸದ ಟೀಚರಾಗಿ ನಾನು ನೋಡಬಲ್ಲದ್ದು ಆಮೇಲಿನದನ್ನು. ಆ ಹುಡುಗಿಯರು ತಂಡ ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳಿಗೆ ಹೋದರು. ಮಗ್ಗ, ಹೊಲಿಗೆ, ಗಾಣದ ಕೆಲಸ ನಡೆದೇ ಇತ್ತು. ಅಚ್ಚಿನ ಮೊಳೆ ಜೋಡಿಸಿ ರಮಾಬಾಯಿಯ ಮರಾಠಿ ಬೈಬಲ್ಲನ್ನು ಮುದ್ರಿಸಿದವರೂ ಅಲ್ಲಿನ ಹೆಂಗಸರೇ. 1912ರಲ್ಲಿ ಗುಲ್ಬರ್ಗಾದಲ್ಲಿ ಶಾಲೆ ತೆರೆದಾಗ ರಮಾಬಾಯಿಯ ಮಗಳು ಮನೋರಮಾ ಅದನ್ನು ನೋಡಿಕೊಂಡರು. ಮುಕ್ತಿಯಲ್ಲಿದ್ದ ಮಿನ್ನಿ ಏಬ್ರಮ್ಸ್ ಎಂಬ ಅಮೆರಿಕನ್ ಮಿಷನರಿ ಈ ಉಜ್ಜೀವನದ ಬಗ್ಗೆ 1906ರಲ್ಲಿ ಕಿರುಹೊತ್ತಗೆ ಬರೆದು, ಚಿಲಿ ದೇಶದಲ್ಲಿದ್ದ ಹಳೆಯ ಸಹಪಾಠಿಗೆ ಒಂದು ಪ್ರತಿ ಕಳಿಸಿದರು. 1909ರಲ್ಲಿ ಅಲ್ಲಿ ಹುಟ್ಟಿದ ಪೆಂತೆಕೋಸ್ತ್ ಚಳವಳಿಗೆ ಆ ಪುಸ್ತಕವೂ ಒಂದು ಬೀಜ. ಬರದ ನೆಲದ ಅನಾಥ ಹುಡುಗಿಯರ ಸುದ್ದಿ ಗೆಳತಿಯಿಂದ ಗೆಳತಿಗೆ ಕಡಲು ದಾಟಿತು.

ರಮಾಬಾಯಿ 1922ರಲ್ಲಿ ತೀರಿಕೊಂಡರು. ಮುಕ್ತಿ ಸದನ ಇಂದಿಗೂ ಇದೆ. ಗುಡಿಯಲ್ಲಾಗಲಿ, ಚರ್ಚಿನಲ್ಲಾಗಲಿ, ಮನೆಯಲ್ಲಾಗಲಿ, ಹೆಣ್ಣೊಬ್ಬಳು ನಡುಗಿ ಬಿದ್ದರೆ ಕೈಮುಗಿಯಲೂ ಬೈಯಲೂ ಅವಸರ ಬೇಡ. ಬೀಳದಂತೆ ಹಿಡಿಯೋಣ, ತಲೆಯಡಿ ಸೆರಗು ಮಡಚಿ ಇಡೋಣ, ಮೂರ್ಛೆರೋಗದ ಅನುಮಾನವಿದ್ದರೆ ಡಾಕ್ಟರಿಗೆ ತೋರಿಸೋಣ. ಅವಳ ನಡುಕದ ಹೆಸರಿನಲ್ಲಿ ಯಾರಾದರೂ ಹಣ ಎತ್ತುತ್ತಿದ್ದರೆ, ಅವಳನ್ನು ಹೊಡೆದು ಬಿಡಿಸುತ್ತೇನೆಂದರೆ, ಅಡ್ಡ ನಿಲ್ಲೋಣ. ಉಳಿದದ್ದನ್ನು ಅವಳ ಮರುದಿನವೇ ಹೇಳುತ್ತದೆ.