ಚೀಟಿಯಿಲ್ಲದ ಸಂಗೀತ: ಬಾಸ್ಟನ್ನಿನಿಂದ ಗದುಗಿನವರೆಗೆ



ಕೆಲವು ವರ್ಷಗಳ ಹಿಂದೆ, ಅಮೆರಿಕದ ಬಾಸ್ಟನ್ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ ಅಲ್ಲಿ ತಾನು ಕಂಡ ಸಂಗೀತೋತ್ಸವವೊಂದನ್ನು ಬಹಳ ಉತ್ಸಾಹದಿಂದ ವರ್ಣಿಸಿದ. ಅಲ್ಲಿನ ಬರ್ಕ್ಲಿ ಸಂಗೀತ ಕಾಲೇಜು ಕೊಲಂಬಸ್ ಅವೆನ್ಯೂ ಎಂಬ ಬೀದಿಯಲ್ಲಿ ವೇದಿಕೆಗಳನ್ನು ಕಟ್ಟಿಸಿ, ಜಾಜ್ ಸಂಗೀತವನ್ನು ಬಂದವರಿಗೆಲ್ಲ ಕೇಳಿಸುತ್ತಿತ್ತಂತೆ. ಟಿಕೇಟು ಇಲ್ಲ, ಪಾಸು ಇಲ್ಲ. 2001ರಲ್ಲಿ ಆ ಊರಿನ ಉದ್ಯಮಿಯೊಬ್ಬರು ಆರಂಭಿಸಿದ ಉತ್ಸವವನ್ನು ಮುಂದೆ ಕಾಲೇಜೇ ವಹಿಸಿಕೊಂಡಿತು. ವಿದ್ಯಾರ್ಥಿಗಳೂ ಅಧ್ಯಾಪಕರೂ ಹೆಸರಾಂತ ಕಲಾವಿದರೂ ಅಲ್ಲಿ ನುಡಿಸುತ್ತಿದ್ದರು. ಎಲ್ಲವನ್ನೂ ಹೇಳಿ ಮುಗಿಸಿದ ಅವನು, "ಸರ್, ನಮ್ಮ ಕಡೆ ಇಂಥಾದ್ದು ಎಲ್ಲೆರ ಐತೇನ್ರಿ?" ಎಂದು ಕೇಳಿದ. ಅಂದು ನಾನು ಚುಟುಕಾಗಿ ಉತ್ತರಿಸಿದೆ. ವಿಸ್ತಾರವಾದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಅದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿರುವುದರಿಂದ ಇಷ್ಟು ತಡವಾಯಿತು.

ಮೊದಲು ಜಾಜ್ ಬಗ್ಗೆ ಎರಡು ಮಾತು. ಸುಮಾರು ಇಪ್ಪತ್ತನೆಯ ಶತಮಾನದ ಆರಂಭದ ವೇಳೆಗೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕರಿಯ ಜನಾಂಗದವರ ನಡುವೆ ರೂಪುಗೊಂಡ ಸಂಗೀತವಿದು. ಗುಲಾಮಗಿರಿಯ ಕಾಲದಲ್ಲಿ ಆ ಊರಿನ ಕಾಂಗೋ ಸ್ಕ್ವೇರ್ ಎಂಬ ಬಯಲಿನಲ್ಲಿ ಗುಲಾಮರು ಭಾನುವಾರಗಳಂದು ಸೇರಿ ಹಾಡಿ ಕುಣಿಯುತ್ತಿದ್ದರು. ಆ ನೆನಪೂ ಅದರ ಬೇರುಗಳಲ್ಲಿದೆ. ಒಂದು ರಾಗರೇಖೆಯನ್ನು ಹಿಡಿದು ಕಲಾವಿದನು ಆ ಕ್ಷಣಕ್ಕೆ ಹೊಳೆದಂತೆ ಬೆಳೆಸುತ್ತ ಹೋಗುವುದು ಜಾಜ್‌ನ ಜೀವಾಳ. ನಮ್ಮವರು 'ಮನೋಧರ್ಮ' ಎಂದು ಕರೆಯುವುದೂ ಇದಕ್ಕೆ ಹತ್ತಿರದ್ದೇ.

ಈ ಹತ್ತಿರವನ್ನು ಮನಗಂಡವರಲ್ಲಿ ಬಾಸ್ಟನ್ನಿನವರೇ ಒಬ್ಬರಿದ್ದರು. 1923ರಲ್ಲಿ ಅಲ್ಲಿ ಹುಟ್ಟಿದ ಚಾರ್ಲಿ ಮೇರಿಯಾನೋ ಎಂಬ ಸ್ಯಾಕ್ಸೋಫೋನ್ ವಾದಕರು ಬರ್ಕ್ಲಿ ಕಾಲೇಜಿನಲ್ಲಿ ಪಾಠ ಹೇಳಿದವರು. ಅವರು ನಮ್ಮ ನಾಗಸ್ವರಕ್ಕೆ ಮಾರುಹೋಗಿ ಅದನ್ನು ಕಲಿತರು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಲಾಶಾಲೆಯ ಕಲಾವಿದರೊಡನೆ ಮೇರಿಯಾನೋ ಕೂಡಿ ನುಡಿಸಿದ 'ಜ್ಯೋತಿ' ಎಂಬ ಧ್ವನಿಮುದ್ರಿಕೆ 1983ರಲ್ಲಿ ಹೊರಬಂದಿತು. ಆರ್.ಎ. ರಮಾಮಣಿಯವರ ಗಾಯನ, ಮಣಿಯವರ ಮೃದಂಗ, ಮೇರಿಯಾನೋರ ಸ್ಯಾಕ್ಸೋಫೋನ್ ಅಲ್ಲಿ ಒಂದಾಗಿ ಹರಿಯುತ್ತವೆ. ಹೀಗೆ ಬಾಸ್ಟನ್ನಿನ ಸಂಗೀತಶಾಲೆಗೂ ಕನ್ನಡ ನಾಡಿಗೂ ನನ್ನ ವಿದ್ಯಾರ್ಥಿ ಅಲ್ಲಿಗೆ ಹೋಗುವ ಮೊದಲೇ ನೆಂಟಸ್ತನ ಬೆಳೆದಿತ್ತು.

ಇನ್ನು ಅವನ ಪ್ರಶ್ನೆಗೆ ಬರುತ್ತೇನೆ. ಸಂಗೀತಶಾಲೆಯೊಂದು ತನ್ನ ಬಾಗಿಲು ತೆರೆದು, ದಾರಿಹೋಕರನ್ನೂ ಕರೆದು ಕೂರಿಸಿ, ಹಣ ಕೇಳದೆ ಹಾಡು ಕೇಳಿಸುವುದು ನಮ್ಮಲ್ಲಿ ಉಂಟೇ? ಉಂಟು. ಅದು ಗದುಗಿನ ವೀರೇಶ್ವರ ಪುಣ್ಯಾಶ್ರಮ.

ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಬಾಲಕನಿಗೂ ಅವನ ಅಣ್ಣನಿಗೂ ದೃಷ್ಟಿಯಿರಲಿಲ್ಲ. ಈ ಇಬ್ಬರು ಮಕ್ಕಳ ಹಾಡು ಕೇಳಿದ ಹಾನಗಲ್ ಕುಮಾರ ಸ್ವಾಮಿಗಳು ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆ ಗದಿಗೆಯ್ಯನೇ ಮುಂದೆ ಕರ್ನಾಟಕಿ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಪಂಚಾಕ್ಷರ ಗವಾಯಿಗಳು. ಅವರಿಗೆ ಹಿಂದೂಸ್ತಾನಿ ಸಂಗೀತವನ್ನು ಕಲಿಸಿದವರಲ್ಲಿ ಮಿರಜಿನ ನೀಲಕಂಠ ಬುವಾ ಒಬ್ಬರು.

ಅವರ ಶಾಲೆಗೆ ಮೊದಲು ಸ್ವಂತ ಕಟ್ಟಡವಿರಲಿಲ್ಲ. ಕುರುಡ ಮಕ್ಕಳನ್ನೂ ಬಡ ಮಕ್ಕಳನ್ನೂ ಜೊತೆಗೆ ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುತ್ತ, ಭಕ್ತರು ಕೊಟ್ಟದ್ದನ್ನು ಉಣಿಸುತ್ತ, ಬಿಡಾರ ಹೂಡಿದಲ್ಲಿಯೇ ಪಾಠ ಹೇಳುತ್ತಿದ್ದರು. ಮಕ್ಕಳ ಹೊಟ್ಟೆ ಹೊರೆಯಲು ನಾಟಕ ಕಂಪನಿಯನ್ನೂ ನಡೆಸಿದರು. ಕೊನೆಗೆ ಗದುಗಿನಲ್ಲಿ ಬಸರಿಗಿಡದ ವೀರಪ್ಪನವರು ಕೊಟ್ಟ ಜಾಗದಲ್ಲಿ, ತಗಡಿನ ಸೂರಿನಡಿಯಲ್ಲಿ ಆಶ್ರಮ ನೆಲೆ ನಿಂತಿತು. 1944ರ ಜೂನ್ ತಿಂಗಳಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು.

ಅವರ ನಂತರ ಆಶ್ರಮದ ಭಾರ ಹೊತ್ತವರು ಪುಟ್ಟರಾಜ ಗವಾಯಿಗಳು. ಇವರೂ ಹಾನಗಲ್ ತಾಲೂಕಿನವರೇ. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. 2010ರ ಸೆಪ್ಟೆಂಬರ್ 17ರಂದು ದೇಹ ಬಿಡುವವರೆಗೆ, ಅರವತ್ತಾರು ವರ್ಷಗಳ ಕಾಲ ಅವರು ಆಶ್ರಮವನ್ನು ನಡೆಸಿದರು. ಭಕ್ತರು ಅವರನ್ನು ಊರೂರಿಗೆ ಕರೆದೊಯ್ದು ನಾಣ್ಯಗಳಿಂದ ತುಲಾಭಾರ ಮಾಡುತ್ತಿದ್ದರು. ನಮ್ಮ ಮನೆಯ ಹಿರಿಯರು ಇದನ್ನು ಗುರುಭಕ್ತಿಯೆಂದಷ್ಟೇ ತಿಳಿದಿದ್ದರು. ಲೆಕ್ಕ ಹಾಕಿ ನೋಡಿದರೆ ಅದು ಆಶ್ರಮದ ಖಜಾನೆಯೂ ಆಗಿತ್ತು. ತಕ್ಕಡಿಯ ಒಂದು ತಟ್ಟೆಯಲ್ಲಿ ಗುರುಗಳು ಕುಳಿತರೆ, ಇನ್ನೊಂದು ತಟ್ಟೆಯ ನಾಣ್ಯ ಮಕ್ಕಳ ಜೋಳ, ಬೇಳೆ, ಬಟ್ಟೆಯಾಗುತ್ತಿತ್ತು.

ಪಂಚಾಕ್ಷರ ಗವಾಯಿಗಳ ಪುಣ್ಯಸ್ಮರಣೆಯ ಅಂಗವಾಗಿ ಜೂನ್ ತಿಂಗಳ ಹೊತ್ತಿಗೆ ಆಶ್ರಮದಲ್ಲಿ ಜಾತ್ರೆ ನಡೆಯುತ್ತದೆ. ತೇರಿನೊಡನೆ ಅಹೋರಾತ್ರಿ ಸಂಗೀತವೂ ಇರುತ್ತದೆ. ಅಲ್ಲಿ ಕಲಿತು ದೊಡ್ಡವರಾದವರು ಬಂದು ಹಾಡುತ್ತಾರೆ, ನಿನ್ನೆ ಮೊನ್ನೆ ಸೇರಿದ ಮಕ್ಕಳೂ ಹಾಡುತ್ತಾರೆ. ಬಸವರಾಜ ರಾಜಗುರು, 2016ರಲ್ಲಿ ಪದ್ಮಶ್ರೀ ಪಡೆದ ವೆಂಕಟೇಶಕುಮಾರ ಇಂಥವರೆಲ್ಲ ಆ ಆಶ್ರಮದ ಅನ್ನ ಉಂಡವರು. ನಮ್ಮ ರಾಯಚೂರಿನವರು ಹೆಮ್ಮೆಪಡಬೇಕಾದ ಸಿದ್ಧರಾಮ ಜಂಬಲದಿನ್ನಿಯವರೂ ಪಂಚಾಕ್ಷರ ಗವಾಯಿಗಳ ಶಿಷ್ಯರೇ. ನಿಜಾಮರ ಸೀಮೆಯಲ್ಲಿ ಹುಟ್ಟಿದ ಅವರು ಕಲಿತದ್ದು ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಗದುಗಿನ ಗುರುವಿನ ಬಳಿ. ರಾಯಚೂರಿನ ರಂಗಮಂದಿರಕ್ಕೆ ಇಂದು ಅವರದೇ ಹೆಸರಿದೆ. ಅದರ ಮುಂದೆ ಹಾದುಹೋಗುವ ಎಷ್ಟು ಜನಕ್ಕೆ ಅವರು ಯಾರೆಂದು ಗೊತ್ತೋ!

ಇನ್ನು ತಪ್ಪೊಪ್ಪಿಗೆಯ ಮಾತು. 1991ರಲ್ಲಿ ನಾನು ಕಿರಿಯ ಶಿಕ್ಷಕ. ಬಿ.ಎಡ್. ಮುಗಿಸಿ ಕೆಲವೇ ವರ್ಷಗಳಾಗಿದ್ದವು. ಎಲ್ಲವೂ ತಿಳಿದಿದೆಯೆಂಬ ಭಾವನೆಯಿದ್ದ ವಯಸ್ಸು. ಕೂಲಿ ಮಾಡುವ ಒಬ್ಬ ತಂದೆ ತನ್ನ ಕುರುಡ ಮಗನನ್ನು ಕೈಹಿಡಿದು ಕರೆತಂದ. ಹುಡುಗನಿಗೆ ಒಂಬತ್ತೋ ಹತ್ತೋ ವರ್ಷ. ಭಜನೆಯಲ್ಲಿ ಕೇಳಿದ ಪದಗಳನ್ನು ಒಮ್ಮೆಗೇ ಹಿಡಿದು ಹಾಡುತ್ತಿದ್ದ. "ಮಾಸ್ತರ್ರೀ, ಗದುಗಿನ ಮಠಕ್ಕ ಬಿಡ್ಬೇಕಂತ ಮಾಡೀನ್ರಿ. ಒಂದು ಅರ್ಜಿ ಬರ್ಕೊಡ್ರಿ" ಎಂದು ತಂದೆ ಕೇಳಿದ. ನಾನು ಏನೆಂದೆ ಗೊತ್ತೇ? "ಹಾಡಿದ್ರ ಹೊಟ್ಟಿ ತುಂಬ್ತೈತೇನಪಾ? ಮುಂದಿನ ವಾರ ಬಾ, ನೋಡೂಣು." ಅವನು ಮುಂದಿನ ವಾರವೂ ಬಂದ. ನಾನು ಪರೀಕ್ಷೆಯ ಕೆಲಸವೆಂದು ಮತ್ತೆ ಕಳಿಸಿದೆ. ಮೂರನೆಯ ಸಲ ಅವನು ಬರಲಿಲ್ಲ. ಅರ್ಜಿಯನ್ನು ಬೇರೆ ಯಾರಿಂದಲೋ ಬರೆಸಿಕೊಂಡು ಮಗನನ್ನು ಗದುಗಿಗೆ ಕರೆದೊಯ್ದನೆಂದು ಆಮೇಲೆ ತಿಳಿಯಿತು.

ಎಂಟು ವರ್ಷಗಳ ನಂತರ, 1999ರ ಜೂನ್‌ನಲ್ಲಿ, ಸಂಬಂಧಿಕರ ಮನೆಗೆಂದು ಗದುಗಿಗೆ ಹೋದವನು ಅವರೊಡನೆ ಆಶ್ರಮದ ಜಾತ್ರೆಗೂ ಹೋದೆ. ರಾತ್ರಿ ಹನ್ನೆರಡು ದಾಟಿತ್ತು. ಜಮಖಾನೆಯ ಮೇಲೆ ರೈತರು, ಹಮಾಲರು, ಹೆಗಲ ಮೇಲೆ ಕೂಸು ಮಲಗಿಸಿಕೊಂಡ ತಾಯಂದಿರು ಕುಳಿತಿದ್ದರು. ವೇದಿಕೆಯ ಮೇಲೆ ಪುಟ್ಟ ಹುಡುಗನೊಬ್ಬ ಹಾಡುತ್ತಿದ್ದ. ಹಾಡುತ್ತ ಹಾಡುತ್ತ ಎಲ್ಲಿಯೋ ತಡವರಿಸಿ ನಿಂತ. ಹಾರ್ಮೋನಿಯಂ ನುಡಿಸುತ್ತಿದ್ದ ಯುವಕ ಮುಂದಿನ ಸ್ವರವನ್ನು ಮೆಲ್ಲಗೆ ಒತ್ತಿ ಹಿಡಿದ, ಮಗು ಅದನ್ನು ಹಿಡಿದು ಮತ್ತೆ ಏರಿತು. ಕೇಳುತ್ತಿದ್ದವರು "ಭಲೇ" ಎಂದರು. ನಾನು ಪಕ್ಕದವರೊಡನೆ ಏನೋ ಮಾತನಾಡುತ್ತ ವೇದಿಕೆಯ ಬಳಿ ನಿಂತಿದ್ದಾಗ, ಕೆಳಗಿಳಿದು ಬಂದ ಆ ಯುವಕ ನನ್ನ ದನಿ ಬಂದ ಕಡೆಗೆ ತಿರುಗಿ, "ಗಬ್ಬೂರು ಸಾಲಿ ಮಾಸ್ತರ್ರ ಏನ್ರಿ?" ಎಂದು ಕೇಳಿದ. ನಾನು ಹೂಂ ಎಂದೆ. "ಪ್ರಸಾದ ಆತೇನ್ರಿ ಸರ?" ಎಂದು ಕೇಳಿ, ನನ್ನ ಕೈಹಿಡಿದು ದಾಸೋಹದ ಕಡೆಗೆ ಅವನೇ ನಡೆಸಿಕೊಂಡು ಹೋದ. ಅರ್ಜಿಯ ಮಾತನ್ನು ಅವನು ಎತ್ತಲಿಲ್ಲ. ನನಗೂ ಎತ್ತುವ ಧೈರ್ಯ ಬರಲಿಲ್ಲ. ಇಂದಿಗೂ ಬಂದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಆ ರಾತ್ರಿ ಎಲೆಯ ಮುಂದೆ ಕುಳಿತು ಯೋಚಿಸಿದ್ದನ್ನು ಕನ್ನಡ ಮಾಸ್ತರನ ಚಾಳಿಯಿಂದ ಪದಾರ್ಥಕ್ಕೆ ಇಳಿಸಿ ಹೇಳುತ್ತೇನೆ. 'ಉಚಿತ' ಎಂಬ ಪದಕ್ಕೆ ಸಂಸ್ಕೃತದಲ್ಲಿ 'ತಕ್ಕದ್ದು, ಯೋಗ್ಯವಾದದ್ದು' ಎಂದರ್ಥ. ಔಚಿತ್ಯ, ಅನುಚಿತ, ಯಥೋಚಿತ ಎಂಬ ಮಾತುಗಳಲ್ಲಿ ಆ ಅರ್ಥ ಇನ್ನೂ ಉಳಿದಿದೆ. ನಾವು ಅದನ್ನು 'ಹಣವಿಲ್ಲದೆ ಸಿಗುವುದು' ಎಂಬುದಕ್ಕೂ ಬಳಸುತ್ತೇವೆ. 'ಪುಕ್ಕಟೆ' ಎಂದಾಗ ಮಾತಿನಲ್ಲೊಂದು ತಾತ್ಸಾರವಿರುತ್ತದೆ. ಬಸವಾದಿ ಶರಣರ ನಾಡಿನ ನಮಗೆ ಮೂರನೆಯ ಮಾತೊಂದಿದೆ: ದಾಸೋಹ. ಅಲ್ಲಿ ಕೊಡುವವನೇ ದಾಸ; ಉಣ್ಣುವವನು ತಲೆತಗ್ಗಿಸಬೇಕಾಗಿಲ್ಲ. ಇಂಗ್ಲಿಷಿನ 'ಫ್ರೀ' ಎಂಬುದಕ್ಕೂ ಎರಡು ಮುಖಗಳುಂಟು. 1961ರಲ್ಲಿ ಆರ್ನೆಟ್ ಕೋಲ್‌ಮನ್ ಎಂಬ ಕಲಾವಿದರು ತಮ್ಮ ಧ್ವನಿಮುದ್ರಿಕೆಗೆ 'ಫ್ರೀ ಜಾಜ್' ಎಂದು ಹೆಸರಿಟ್ಟರು. ಅಲ್ಲಿ ಆ ಮಾತಿನ ಅರ್ಥ ಕಟ್ಟುಪಾಡುಗಳಿಂದ ಬಿಡುಗಡೆ.

ಹಣ ಕೇಳದ ಸಂಗೀತಕ್ಕೂ ಬೆಲೆಯುಂಟು. ಅದನ್ನು ಬೇರೆ ಯಾರೋ ತೆತ್ತಿರುತ್ತಾರೆ. ಬಾಸ್ಟನ್ನಿನಲ್ಲಿ ಕಾಲೇಜು, ಪ್ರಾಯೋಜಕರು ತೆತ್ತರೆ, ಗದುಗಿನಲ್ಲಿ ತಕ್ಕಡಿಯಲ್ಲಿ ನಾಣ್ಯ ಸುರಿದ ಹಳ್ಳಿಗರು ತೆತ್ತರು. ಎರಡು ಶಾಲೆಗಳೂ ಕಂಡುಕೊಂಡ ಸತ್ಯ ಒಂದೇ: ಹಾಡುವವನನ್ನು ತರಗತಿಯಲ್ಲಿ ತಯಾರು ಮಾಡಬಹುದು, ಕೇಳುವವನನ್ನು ಬಯಲಿನಲ್ಲಿಯೇ ತಯಾರು ಮಾಡಬೇಕು. ಆ ಪುಟ್ಟ ಹುಡುಗ ತಡವರಿಸಿದಾಗ "ಭಲೇ" ಎಂದ ಹಮಾಲನಿಗೆ ಟಿಕೇಟು ಕೇಳಿದ್ದರೆ ಅವನು ಅಲ್ಲಿರುತ್ತಿರಲಿಲ್ಲ, ಮಗುವಿಗೆ ಆ ಧೈರ್ಯವೂ ದೊರೆಯುತ್ತಿರಲಿಲ್ಲ.

ನಮ್ಮ ಗಬ್ಬೂರಿಗೂ ಇದು ಹೊಸತಲ್ಲ. ಒಂದು ಕಾಲದಲ್ಲಿ ನಮ್ಮ ಊರು ವಿದ್ಯಾಕೇಂದ್ರವಾಗಿತ್ತು. ಮಲೆಶಂಕರನ ಗುಡಿಯ ಸುತ್ತ ಆಡಿ ಬೆಳೆದ ನೀವು, ಊರಿನ ಶಾಸನಗಳ ಕಲ್ಲಿಗೆ ಒರಗಿ ಕುಳಿತವರೇ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಅಂಗಭೋಗ, ರಂಗಭೋಗ, ವಿದ್ಯಾದಾನ, ಆಹಾರದಾನಗಳಿಗೆ ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಹಾಡಿಗೂ ಪಾಠಕ್ಕೂ ಊಟಕ್ಕೂ ಒಟ್ಟಿಗೇ ದತ್ತಿ ಬಿಡುತ್ತಿದ್ದ ನಾಡು ನಮ್ಮದು. ಈ ಪಾಠವನ್ನು ತರಗತಿಯಲ್ಲಿ ಅನೇಕ ಸಲ ಹೇಳಿದ ನಾನು, ಒಂದು ಅರ್ಜಿ ಬರೆಯಬೇಕಾದಾಗ ಮರೆತೆ.

ಬಾಸ್ಟನ್ನಿನ ನನ್ನ ಪ್ರಿಯ ವಿದ್ಯಾರ್ಥಿಯೇ, ನಮ್ಮ ಕಡೆಯೂ ಐತಪಾ. ಮುಂದಿನ ಸಲ ಊರಿಗೆ ಬರುವಾಗ ಜೂನ್ ತಿಂಗಳಿಗೆ ರಜೆ ಹಾಕು. ರಾಯಚೂರಿನಿಂದ ಇಬ್ಬರೂ ಕೂಡಿಯೇ ಹೋಗೋಣ. ರಾತ್ರಿಯಿಡೀ ಕೂರುವುದಕ್ಕೆ ಒಂದು ಚಾದರ ಇಟ್ಟುಕೊಂಡಿರು. ಬರುವಾಗ ದಾಸೋಹದ ಪೆಟ್ಟಿಗೆಗೆ ನಿನ್ನ ಕೈಲಾದದ್ದನ್ನು ಹಾಕು. ಉಳಿದ ಮಕ್ಕಳಿಗೂ ಒಂದು ಮಾತು: ನಿಮ್ಮ ಬಳಿ ಯಾರಾದರೂ ಅರ್ಜಿ ಬರೆಸಲು ಬಂದರೆ, ಮುಂದಿನ ವಾರ ಬಾ ಎನ್ನಬೇಡಿ.