ಬಿಟ್ಟ ಆಟಕ್ಕೆ ಮರಳಲು ಎಷ್ಟು ದುಡ್ಡು ಬೇಕು?

ಶಾಲೆಯ ದಿನಗಳಲ್ಲಿ ಟ್ರಂಪ್ ಕಾರ್ಡ್ ಆಡಿದವರು ನಮ್ಮ ಓದುಗರಲ್ಲಿ ಬಹಳ ಜನ ಇದ್ದೀರಿ. ಕುಸ್ತಿಪಟುವಿನ ಫೋಟೊ, ಅದರ ಕೆಳಗೆ ಎತ್ತರ, ತೂಕ. ಅಂಗಡಿಯಿಂದ ಒಂದು ಕಟ್ಟು ತಂದರೆ ಆಟ ಪೂರ್ತಿ ಕೈಗೆ ಬಂತು. ಮತ್ತೆ ಖರ್ಚಿಲ್ಲ.

1993ರಲ್ಲಿ ಅಮೆರಿಕದಲ್ಲಿ ಬಂದ ಒಂದು ಕಾರ್ಡಾಟ ಈ ಲೆಕ್ಕವನ್ನೇ ಬದಲಿಸಿತು. ಅದರ ಹೆಸರು 'ಮ್ಯಾಜಿಕ್: ದಿ ಗ್ಯಾದರಿಂಗ್'. ಹುಡುಗರಾಗಿದ್ದಾಗ ಅದನ್ನು ಆಡಿ ಬಿಟ್ಟವರು ಈಗ ನಲವತ್ತರ ವಯಸ್ಸಿನಲ್ಲಿ ಮರಳಿ ಆಡಲು ಹೊರಟರೆ ಬೆಲೆ ಕೇಳಿ ಬೆಚ್ಚಿಬೀಳುತ್ತಾರೆ. ಕಾಗದದ ತುಂಡಿಗೆ ಅಷ್ಟು ಬೆಲೆ ಹೇಗೆ ಬಂತು? ಅದರ ಹಿಂದಿನ ಇತಿಹಾಸವನ್ನು ಇವತ್ತು ನೋಡೋಣ.

ಹುಟ್ಟಿದ್ದು ಹೀಗೆ

ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಡಾಕ್ಟರೇಟ್ ಮಾಡುತ್ತಿದ್ದವರು. 'ವಿಝರ್ಡ್ಸ್ ಆಫ್ ದಿ ಕೋಸ್ಟ್' ಎಂಬ ಸಣ್ಣ ಕಂಪನಿಯ ಪೀಟರ್ ಅಡ್ಕಿಸನ್ ಅವರಿಗೆ ಬೇಗ ಮುಗಿಯುವ, ಜೇಬಿನಲ್ಲಿ ಒಯ್ಯಬಹುದಾದ ಆಟವೊಂದು ಬೇಕಿತ್ತು. ಗಾರ್ಫೀಲ್ಡ್ ಅದನ್ನು ಮಾಡಿಕೊಟ್ಟರು. ಆಟಗಾರರಿಬ್ಬರೂ ಮಾಂತ್ರಿಕರು, ಒಂದೊಂದು ಕಾರ್ಡೂ ಒಂದೊಂದು ಮಂತ್ರ, ಮೃಗ ಅಥವಾ ಭೂಮಿ. ಆದರೆ ಎಲ್ಲರ ಕಟ್ಟು ಒಂದೇ ಅಲ್ಲ. ಆಗ 15 ಕಾರ್ಡಿನ ಪ್ಯಾಕೆಟ್ ಕೊಳ್ಳಬೇಕಿತ್ತು, ಒಡೆಯುವ ತನಕ ಒಳಗೆ ಏನಿದೆಯೋ ಗೊತ್ತಿಲ್ಲ. ಹೆಚ್ಚಿನವು ಸಾಮಾನ್ಯ ಕಾರ್ಡು, ಅಪರೂಪದ್ದು ಒಂದು. ಬೇಕಾದ್ದು ಸಿಗದಿದ್ದರೆ ಗೆಳೆಯರ ಜೊತೆ ಅದಲು ಬದಲು.

ಮೊದಲ ಮುದ್ರಣದಲ್ಲಿ ಸುಮಾರು 26 ಲಕ್ಷ ಕಾರ್ಡು ಬಂದವು. ಕೆಲವೇ ವಾರಗಳಲ್ಲಿ ಖಾಲಿ. ಪ್ಯಾಕೆಟ್ಟಿಗೆ ಎರಡೂವರೆ ಡಾಲರ್ ಆಸುಪಾಸು, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 75 ರೂಪಾಯಿ. 'ಬ್ಲ್ಯಾಕ್ ಲೋಟಸ್' ಎಂಬ ಕಾರ್ಡು ಆ ಮುದ್ರಣದಲ್ಲಿ ಇದ್ದದ್ದು ಸುಮಾರು 1,100 ಮಾತ್ರ. ಆ ಮೊದಲ ಮುದ್ರಣದ, ಚಿತ್ರಕಾರ ಕ್ರಿಸ್ಟೋಫರ್ ರಶ್ ಅವರ ಸಹಿಯ ಜೊತೆಗಿದ್ದ ಒಂದು ಬ್ಲ್ಯಾಕ್ ಲೋಟಸ್ 2021ರ ಜನವರಿಯಲ್ಲಿ 5,11,100 ಡಾಲರಿಗೆ ಹರಾಜಾಯಿತು. ನಮ್ಮ ದುಡ್ಡಿನಲ್ಲಿ ಮೂರೂವರೆ ಕೋಟಿಗೂ ಮೇಲೆ.

1996ರ ಮಾತು

ಕಾರ್ಡು ಸಿಗುತ್ತಿಲ್ಲ ಎಂದು ಆಟಗಾರರು ಗೋಳಾಡುತ್ತಿದ್ದಾಗ ಕಂಪನಿ 1995ರಲ್ಲಿ 'ಕ್ರಾನಿಕಲ್ಸ್' ಹೆಸರಿನಲ್ಲಿ ಹಳೆಯ ಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿಸಿತು. ಆಡುವವರಿಗೆ ಅನುಕೂಲವಾಯಿತು. ಆದರೆ ಬೆಲೆ ಏರುತ್ತದೆಂದು ಕಾರ್ಡು ಕೂಡಿಟ್ಟವರು ಸಿಟ್ಟಾದರು, ನಮ್ಮ ಗಂಟಿನ ಬೆಲೆ ಬಿತ್ತು ಎಂದರು.

ಅವರನ್ನು ಸಮಾಧಾನ ಮಾಡಲು ಕಂಪನಿ 1996ರ ಮಾರ್ಚ್‌ನಲ್ಲಿ ಒಂದು ಪಟ್ಟಿ ಹೊರಡಿಸಿತು. ಅದನ್ನು 'ರಿಸರ್ವ್ಡ್ ಲಿಸ್ಟ್' ಎನ್ನುತ್ತಾರೆ. ಪಟ್ಟಿಯಲ್ಲಿರುವ ಕಾರ್ಡುಗಳನ್ನು ಆಟಕ್ಕೆ ಮತ್ತೆಂದೂ ಅಚ್ಚು ಹಾಕುವುದಿಲ್ಲ ಎಂಬ ಮಾತು ಅದು. ವಿಶೇಷ ಹೊಳಪಿನ ಕಾರ್ಡುಗಳಿಗೆ ಇದ್ದ ವಿನಾಯಿತಿಯನ್ನೂ 2010ರಲ್ಲಿ ಮುಚ್ಚಿದರು.

ಮರಳಿ ಬರುವವರ ಖರ್ಚು ನಿಗದಿಯಾದದ್ದು ಇಲ್ಲೇ ಎನ್ನುವುದು ನಮ್ಮ ಅಭಿಪ್ರಾಯ. ಅಚ್ಚು ಹಾಕುವ ಖರ್ಚು ಕೆಲವು ಪೈಸೆಯದ್ದಿರಬಹುದು. ಆದರೆ ಕಾರ್ಡು ಹರಿಯುತ್ತದೆ, ನೆನೆಯುತ್ತದೆ, ಕಳೆದುಹೋಗುತ್ತದೆ. ಇರುವ ಸಂಖ್ಯೆ ಕಡಿಮೆಯಾಗುತ್ತಲೇ ಹೋಗುತ್ತದೆ, ಹೆಚ್ಚುವ ದಾರಿ ಇಲ್ಲ. 1994ರಲ್ಲಿ ಮಾಮೂಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತಿದ್ದ, ಎರಡು ಬಣ್ಣದ ಮಂತ್ರಶಕ್ತಿ ಕೊಡುವ ಭೂಮಿ ಕಾರ್ಡೂ ಆ ಪಟ್ಟಿಯಲ್ಲಿದೆ. ಇವತ್ತು ಅಂಥ ಒಂದಕ್ಕೆ ಹತ್ತಾರು ಸಾವಿರ ರೂಪಾಯಿ. ಆಟದಲ್ಲಿ ಒಂದೇ ಕಾರ್ಡನ್ನು ನಾಲ್ಕರವರೆಗೆ ಇಟ್ಟುಕೊಳ್ಳಬಹುದು, ಗೆಲ್ಲಬೇಕೆನ್ನುವವರು ನಾಲ್ಕೂ ಇಡುತ್ತಾರೆ. ಲೆಕ್ಕ ನೀವೇ ಹಾಕಿ.

ಹೊಸದನ್ನೇ ಕೊಂಡರೆ?

ಹಳೆಯದು ದುಬಾರಿಯಾದರೆ ಹೊಸ ಕಾರ್ಡಿನಲ್ಲಿ ಆಡಬಹುದಲ್ಲ ಎಂದು ನೀವು ಕೇಳಬಹುದು. ಅದಕ್ಕೂ ದಾರಿ ಮಾಡಿದ್ದಾರೆ. 1995ರ ಜನವರಿಯಲ್ಲಿ ಶುರುವಾದ, ಈಗ 'ಸ್ಟ್ಯಾಂಡರ್ಡ್' ಎನ್ನುವ ಸ್ಪರ್ಧೆಯಲ್ಲಿ ಇತ್ತೀಚಿನ ಕಾರ್ಡುಗಳಿಗೆ ಮಾತ್ರ ಜಾಗ. ಹೊಸಬರಿಗೂ ಹಳಬರಿಗೂ ಸಮಾನ ನೆಲ ಸಿಕ್ಕಿತು, ಇದು ಒಳ್ಳೆಯದೇ. ಆದರೆ ಕಾರ್ಡಿಗೆ ಅವಧಿ ಇದೆ. ಎರಡು ವರ್ಷದ ಸುಮಾರಿಗೆ ಹೊರಬೀಳುತ್ತಿದ್ದವು, 2023ರಲ್ಲಿ ಅದನ್ನು ಮೂರು ವರ್ಷಕ್ಕೆ ಏರಿಸಿದರು. ಅವಧಿ ಮುಗಿದ ಮೇಲೆ ಮತ್ತೆ ಕೊಳ್ಳಬೇಕು.

2008ರಲ್ಲಿ ಇನ್ನೊಂದು ಮೆಟ್ಟಿಲು ಬಂತು. ಅಪರೂಪದ ಕಾರ್ಡಿಗಿಂತ ಅಪರೂಪದ 'ಮಿಥಿಕ್' ಕಾರ್ಡು, ಆಗ ಸರಾಸರಿ ಎಂಟು ಪ್ಯಾಕೆಟ್ಟಿಗೆ ಒಂದು. ಅದಕ್ಕೂ ಮೊದಲು ಆಟ ಬಿಟ್ಟವರು ಮರಳಿದಾಗ ಪ್ಯಾಕೆಟ್ಟಿನೊಳಗಿನ ಅದೃಷ್ಟ ಇನ್ನೂ ಬಿಗಿ.

2022ರ ನವೆಂಬರ್‌ನಲ್ಲಿ ಆಟಕ್ಕೆ 30 ವರ್ಷ ತುಂಬುವ ನೆಪದಲ್ಲಿ ಕಂಪನಿ ನಾಲ್ಕು ಪ್ಯಾಕೆಟ್ಟಿನ ಒಂದು ಪೆಟ್ಟಿಗೆ ತಂದಿತು. ಒಳಗೆ 1993ರ ಕಾರ್ಡುಗಳ ನಕಲು. ಬೆಲೆ 999 ಡಾಲರ್, ಸುಮಾರು 80 ಸಾವಿರ ರೂಪಾಯಿ. ಬ್ಲ್ಯಾಕ್ ಲೋಟಸ್ ಸಿಗುತ್ತದೆಂಬ ಖಾತ್ರಿ ಇಲ್ಲ. ಹಿಂಬದಿ ಬೇರೆ ಇರುವುದರಿಂದ ಅಧಿಕೃತ ಸ್ಪರ್ಧೆಯಲ್ಲಿ ಬಳಸುವಂತೆಯೂ ಇಲ್ಲ. ಹಾಗಾಗಿ 1996ರ ಮಾತೂ ಮುರಿಯಲಿಲ್ಲ. ಆಟಗಾರರು ದೊಡ್ಡ ಗಲಾಟೆಯನ್ನೇ ಎಬ್ಬಿಸಿದರು.

ಆಟಗಾರರು ಕಂಡುಕೊಂಡ ದಾರಿ

ದುಡ್ಡಿಲ್ಲದವರು ಸುಮ್ಮನೆ ಕೂರಲಿಲ್ಲ. ಸಾಮಾನ್ಯ ಕಾರ್ಡುಗಳನ್ನಷ್ಟೇ ಬಳಸುವ ಆಟವೊಂದನ್ನು ಕಟ್ಟಿಕೊಂಡರು. ಅದರ ಹೆಸರೇ 'ಪಾಪರ್', ಅಂದರೆ ಬಡವ. 2019ರಲ್ಲಿ ಕಂಪನಿ ಅದನ್ನು ಕಾಗದದ ಕಾರ್ಡಿನ ಅಧಿಕೃತ ಸ್ಪರ್ಧೆಯಾಗಿ ಒಪ್ಪಿತು. ಮನೆಯಲ್ಲಿ ಗೆಳೆಯರ ಜೊತೆ ಆಡುವಾಗ ಚೀಟಿಯ ಮೇಲೆ ಹೆಸರು ಬರೆದು ಕಾರ್ಡಿನ ಬದಲು ಇಡುವವರೂ ಇದ್ದಾರೆ. ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ಹೀಗೆ ಮಾಡುವವರ ಬೆನ್ನು ಹತ್ತುವುದಿಲ್ಲ ಎಂದು ಕಂಪನಿ 2016ರಲ್ಲಿ ಹೇಳಿತು. ಆಟಕ್ಕೆ ಬೇಕಾದದ್ದು ನಿಯಮ ಮತ್ತು ಎದುರಿಗೊಬ್ಬ ಗೆಳೆಯ. ಕೋಟಿ ಬಾಳುವ ಕಾಗದವಲ್ಲ.

ನಮಗೇನು?

ಈ ಆಟ ನಮ್ಮೂರಿನ ಅಂಗಡಿಗೆ ಬರದಿರಬಹುದು. ಆದರೆ 2021ರಿಂದ ಫೋನಿನಲ್ಲೂ ಇದೆ. ಇಳಿಸಿಕೊಳ್ಳಲು ದುಡ್ಡು ಬೇಡ, ಪ್ಯಾಕೆಟ್ ಒಡೆಯಲು ಬೇಕಾಗಬಹುದು. ಕಾಗದದ ಕಾರ್ಡನ್ನಾದರೂ ಕಷ್ಟಕಾಲದಲ್ಲಿ ಮಾರಬಹುದಿತ್ತು, ಗೆಳೆಯನಿಗೆ ಕೊಡಬಹುದಿತ್ತು. ಫೋನಿನೊಳಗಿನದ್ದನ್ನು ಮಾರುವಂತಿಲ್ಲ, ಕೊಡುವಂತಿಲ್ಲ. ಒಡೆದು ನೋಡುವ ತನಕ ಒಳಗೇನಿದೆ ಗೊತ್ತಾಗದ ಪೆಟ್ಟಿಗೆ ಮಾರುವ ಆಟಗಳು ಫೋನಿನಲ್ಲಿ ಬೇರೆಯೂ ಬೇಕಾದಷ್ಟಿವೆ.

ಮಕ್ಕಳು ಅಂಥ ಆಟಕ್ಕೆ ದುಡ್ಡು ಕೇಳಿದಾಗ ಬೈಯುವ ಮೊದಲು ಜೊತೆಯಲ್ಲಿ ಕೂತು ಮೂರು ಪ್ರಶ್ನೆ ಕೇಳಿ. ಕೊಳ್ಳುವ ಮೊದಲೇ ಒಳಗೇನಿದೆ ಎಂದು ತೋರಿಸುತ್ತಾರಾ? ಎಷ್ಟು ದಿನ ನಡೆಯುತ್ತದೆ? ಬೇಡವಾದಾಗ ಇನ್ನೊಬ್ಬರಿಗೆ ಕೊಡಬಹುದಾ? ಮೂರಕ್ಕೂ ಉತ್ತರ ಸರಿ ಬರದಿದ್ದರೆ ಆ ದುಡ್ಡು ಜೇಬಿನಲ್ಲೇ ಇರಲಿ.